ಸುಮ್ನೆ ಕೂರೋದೇ ವಿದ್ಯೆಯಾ?

ಹೋದ ತಿಂಗಳು ಮಗನ ಶಾಲೆಯಿಂದ ಮೂರನೇ ಸಲ ಫೋನ್ ಬಂತು. ಎರಡನೇ ಕ್ಲಾಸಿನ ಹುಡುಗ. ರಜೆ ಹಾಕಿ ಹೋದೆ. ಮಿಸ್ ಡೈರಿ ತೆಗೆದು ತೋರಿಸಿದ್ರು, ಪುಟದ ತುಂಬಾ ಕೆಂಪು ಶಾಯಿ. ಜಾಗ ಬಿಟ್ಟು ಏಳ್ತಾನೆ, ಬೋರ್ಡ್ ಮೇಲಿರೋದನ್ನ ಪೂರ್ತಿ ಬರೆಯಲ್ಲ, ಪ್ರಶ್ನೆ ಮುಗಿಯೋ ಮೊದಲೇ ಉತ್ತರ ಕೂಗ್ತಾನೆ. ಉತ್ತರ ಸರಿ ಇರುತ್ತಾ ಅಂತ ಕೇಳಿದೆ. "ಇರುತ್ತೆ ಸರ್, ಆದ್ರೆ ಕೈ ಎತ್ತಲ್ಲ" ಅಂದ್ರು.

ಎಡಿಎಚ್‌ಡಿ ಅಂತ ಡಾಕ್ಟರು ಕೊಟ್ಟ ರಿಪೋರ್ಟನ್ನ ನಾವು ಜೂನ್‌ನಲ್ಲೇ ಶಾಲೆಗೆ ಕೊಟ್ಟಿದ್ವಿ. ಅದು ಫೈಲಲ್ಲಿ ಬೆಚ್ಚಗೆ ಮಲಗಿತ್ತು. "ಮಾತ್ರೆ ಶುರು ಮಾಡಿ, ಇಲ್ಲಾಂದ್ರೆ ಬೇರೆ ಥರದ ಶಾಲೆ ನೋಡಿ" ಅಂತ ಪ್ರಿನ್ಸಿಪಾಲರು ನಯವಾಗಿ ಹೇಳಿದ್ರು. ಮಾತ್ರೆ ಬೇಕೋ ಬೇಡವೋ ಅನ್ನೋದು ಡಾಕ್ಟರ ತೀರ್ಮಾನ. ಶಾಲೆ ಹೇಳಬೇಕಾದ್ದು ತಾನೇನು ಮಾಡ್ತೀನಿ ಅನ್ನೋದನ್ನ.

ಎಡಿಎಚ್‌ಡಿ ಅಂದ್ರೆ ಕೊಬ್ಬಲ್ಲ, ಮುದ್ದು ಜಾಸ್ತಿಯಾಗಿ ಕೆಟ್ಟಿದ್ದೂ ಅಲ್ಲ. ಗಮನವನ್ನ, ಕೈಕಾಲನ್ನ ಹಿಡಿತದಲ್ಲಿಟ್ಟುಕೊಳ್ಳೋ ಶಕ್ತಿ ಮೆದುಳಲ್ಲಿ ಬೇರೆ ರೀತಿ ಬೆಳೆಯೋ ಸ್ಥಿತಿ ಅದು. ಬಹುಮಟ್ಟಿಗೆ ವಂಶದಿಂದ ಬರುತ್ತೆ. ಲಕ್ಷಣಗಳು 12 ವರ್ಷದೊಳಗೆ ಶುರುವಾಗಿ, 6 ತಿಂಗಳಾದ್ರೂ ಇದ್ದು, ಮನೆ, ಶಾಲೆ ಹೀಗೆ ಎರಡು ಕಡೆಯಾದ್ರೂ ಕಂಡರೆ ಮಾತ್ರ ಡಾಕ್ಟರು ಹಾಗಂತ ಹೇಳೋದು. ನೂರಕ್ಕೆ ಸುಮಾರು 5 ಮಕ್ಕಳಿಗೆ ಇರುತ್ತೆ ಅನ್ನೋದು ಸಾಮಾನ್ಯ ಅಂದಾಜು. ಅಂದ್ರೆ 40 ಮಕ್ಕಳ ಕ್ಲಾಸಿಗೆ ಇಬ್ಬರು. ಒಬ್ಬ ನನ್ನ ಮಗ. ಇನ್ನೊಬ್ಬಳು ಕಿಟಕಿ ಆಚೆ ನೋಡ್ತಾ ಕೂತಿರೋ ಹುಡುಗಿ ಇರಬಹುದು. ಅವಳು ಗಲಾಟೆ ಮಾಡಲ್ಲ, ಹಾಗಾಗಿ 'ಸೋಮಾರಿ' ಅಂತ ಬರೆದು ಕೈ ತೊಳ್ಕೊಳ್ತಾರೆ.

ನಮ್ಮೂರ ಸರ್ಕಾರಿ ಶಾಲೆಯಲ್ಲೂ ಕೂತಲ್ಲಿ ಕೂರದ ಹುಡುಗ ಒಬ್ಬ ಇದ್ದ. ಹೆಡ್‌ಮೇಷ್ಟ್ರು ಅವನಿಗೆ ಬೆಲ್ ಹೊಡೆಯೋ ಕೆಲಸ ಕೊಟ್ಟಿದ್ರು. ನೀರು ತರೋಕೂ ಅವನೇ, ಸೀಮೆಸುಣ್ಣ ತರೋಕೂ ಅವನೇ. ಹಂಗೆ ಓಡಾಡಿ ಬಂದ್ಮೇಲೆ ಅರ್ಧ ಗಂಟೆ ಕೂತು ಲೆಕ್ಕ ಮಾಡ್ತಿದ್ದ. ಹಾಗಂತ ಹಳ್ಳಿ ಶಾಲೆ ಸ್ವರ್ಗ ಅಂತಿಲ್ಲ. ಆ ಮೇಷ್ಟ್ರಿಗೆ ವರ್ಗ ಆಯ್ತು, ಬಂದವರ ಕೈಯಲ್ಲಿ ಹುಣಸೆ ಬರಲು ಇತ್ತು. ಹುಡುಗ ಏಳನೇ ಕ್ಲಾಸು ದಾಟಲಿಲ್ಲ. ಈಗ ಊರಿಗೆ ಹೋದಾಗ ಟಿಲ್ಲರ್ ಬಿಚ್ಚಿ ಜೋಡಿಸ್ತಾ ಸಿಗ್ತಾನೆ. "ನಂಗೆ ಓದು ತಲೆಗೆ ಹತ್ಲಿಲ್ಲ ಕಣೋ" ಅಂತಾನೆ. ಇಂಜಿನ್ ತಲೆಗೆ ಹತ್ತಿದವನಿಗೆ ಏಳನೇ ಕ್ಲಾಸಿನ ವಿಜ್ಞಾನ ಹತ್ತಲಿಲ್ಲ ಅಂದ್ರೆ ನಾನು ನಂಬಲ್ಲ.

ಈಗ ನಮ್ಮ ಆಫೀಸು ನೋಡಿ. ಸ್ಟ್ಯಾಂಡ್‌ಅಪ್ 15 ನಿಮಿಷ ದಾಟಬಾರದು. ದೊಡ್ಡ ಕೆಲಸಾನ ಸಣ್ಣ ಸಣ್ಣ ಟಿಕೆಟ್ ಮಾಡಿ ಕೊಡಬೇಕು. ಸದ್ದು ತಡೆಯೋಕೆ ಹೆಡ್‌ಫೋನ್, ಬೇಜಾರಾದ್ರೆ ಕಾಫಿ, ಮೀಟಿಂಗ್ ನೆನಪಿಸೋಕೆ ಕ್ಯಾಲೆಂಡರ್. ಮೂವತ್ತು ದಾಟಿದ ನಮಗೆ ಇಷ್ಟೆಲ್ಲ ಊರುಗೋಲು ಬೇಕು. ಏಳು ವರ್ಷದ ಮಗು ಮಾತ್ರ 40 ನಿಮಿಷದ ಎಂಟು ಪೀರಿಯಡ್ ಅಲ್ಲಾಡದೆ ಕೂರಬೇಕು!

ನಾನು ಶಾಲೆಗೆ ಕೇಳಿದ್ದೂ ಇಷ್ಟೇ. ಕಿಟಕಿ, ಬಾಗಿಲಿಂದ ದೂರ ಮುಂದಿನ ಬೆಂಚು. ಒಂದು ಸಲಕ್ಕೆ ಒಂದೇ ಸೂಚನೆ. ಇಪ್ಪತ್ತು ಲೆಕ್ಕ ಒಟ್ಟಿಗೆ ಕೊಡೋ ಬದಲು ಐದೈದು. ನಡುವೆ ಪುಸ್ತಕ ಹಂಚೋದೋ ಬೋರ್ಡ್ ಒರೆಸೋದೋ ಒಂದು ಕೆಲಸ. ಪರೀಕ್ಷೆಗೆ ಸ್ವಲ್ಪ ಹೆಚ್ಚು ಹೊತ್ತು. ಸರಿ ಮಾಡಿದಾಗ ಆಗಲೇ ಒಂದು ಶಹಬ್ಬಾಸ್. ಶಿಕ್ಷೆ ಅಂತ ಆಟದ ಪೀರಿಯಡ್ ಕಿತ್ಕೋಬೇಡಿ. ಇದರಲ್ಲಿ ದುಡ್ಡು ಖರ್ಚಾಗೋದು ಯಾವುದು ಹೇಳಿ?

"ಉಳಿದ ಮಕ್ಕಳ ಗತಿ ಏನು?" ಅಂತ ವಾಟ್ಸಾಪ್ ಗ್ರೂಪಲ್ಲಿ ಪೋಷಕರು ಕೇಳ್ತಾರೆ. ಕೇಳಲೇಬೇಕಾದ ಪ್ರಶ್ನೆ. ಆದ್ರೆ ಮೇಲಿನ ಪಟ್ಟಿ ಇನ್ನೊಂದ್ಸಲ ಓದಿ, ನಿಮ್ಮ ಮಗುವಿಗೂ ಅದು ಒಳ್ಳೇದೇ. ಮಿಸ್ ಮೇಲೂ ನನಗೆ ಸಿಟ್ಟಿಲ್ಲ, ಒಬ್ಬರೇ 40 ಮಕ್ಕಳನ್ನ ಸಂಭಾಳಿಸಬೇಕು ಪಾಪ. ಸಿಟ್ಟಿರೋದು ಲಕ್ಷಗಟ್ಟಲೆ ಫೀಸ್ ತಗೊಂಡು, ಸ್ವಿಮ್ಮಿಂಗ್ ಪೂಲ್ ಕಟ್ಟಿಸಿ, ಒಬ್ಬ ಸ್ಪೆಷಲ್ ಎಜುಕೇಟರ್‌ಗೆ ಬಜೆಟ್ ಇಲ್ಲ ಅನ್ನೋ ಮ್ಯಾನೇಜ್‌ಮೆಂಟ್ ಮೇಲೆ.

ಕಾನೂನು ಅರ್ಧ ದಾರಿ ಬರುತ್ತೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಹೊಡೆತವನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳ ಪಟ್ಟಿಯಲ್ಲಿ ಆಟಿಸಂ ಇದೆ, ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿ ಹೆಸರಿಲ್ಲ. ನುಣುಚಿಕೊಳ್ಳೋ ಶಾಲೆಗೆ ಅಷ್ಟು ಸಂದಿ ಸಾಕು.

ನಾವೇನು ಸಾಚಾ ಅಲ್ಲ. ಯುಕೆಜಿಯಲ್ಲೇ ಅನುಮಾನ ಬಂದ್ರೂ ಒಂದು ವರ್ಷ ಡಾಕ್ಟರ ಹತ್ರ ಹೋಗಲಿಲ್ಲ. "ದೊಡ್ಡವನಾದ್ಮೇಲೆ ಸರಿ ಹೋಗ್ತಾನೆ ಬಿಡು" ಅಂತ ಅಮ್ಮ ಅಂದಿದ್ದು ಹಿತವಾಗಿತ್ತು. ಜನ ಏನಂತಾರೋ ಅನ್ನೋ ಭಯ ಬೇರೆ. ಆ ಒಂದು ವರ್ಷ ಮನೆಯಲ್ಲಿ ಅವನು ಬೈಗುಳ ತಿಂದಿದ್ದು ನನ್ನಿಂದಲೇ.

ಟಿಸಿ ತಗೊಂಡಿಲ್ಲ, ತಗೊಳ್ಳೋದೂ ಇಲ್ಲ. ಮುಂದಿನ ಪೋಷಕರ ಸಭೆಗೆ ಆ ಪಟ್ಟಿ ಪ್ರಿಂಟ್ ಹಾಕಿಸಿ ತಗೊಂಡು ಹೋಗ್ತೀನಿ. ನಿಮ್ಮ ಮಗುವಿನ ಕ್ಲಾಸಲ್ಲೂ ಇಂಥ ಒಂದು ಮಗು ಇರುತ್ತೆ. ಅದನ್ನ ತೆಗೆಸಿ ಅಂತ ಗ್ರೂಪಲ್ಲಿ ಬರೆಯೋ ಬದಲು, ಆ ದಿನ ಅದರ ಅಪ್ಪ ಅಮ್ಮನ ಪಕ್ಕದ ಕುರ್ಚಿಯಲ್ಲಿ ಬಂದು ಕೂತ್ಕೊಳ್ಳಿ.