ಒಂದು ಸಹಿಗಾಗಿ ಹೊಟ್ಟೆಕಿಚ್ಚು

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಮಾನ್ಯ ಕುಲಪತಿಗಳಿಗೆ,

ನರ್ಸಿಂಗ್ ವಿದ್ಯಾರ್ಥಿಗಳ ನಡುವಿನ ಹೊಟ್ಟೆಕಿಚ್ಚಿನ ಮಾತು ಬಂದರೆ ಕಾಲೇಜುಗಳಿಗೆ ತೋಚುವ ಮದ್ದು ಕೌನ್ಸೆಲಿಂಗ್, ತಪ್ಪಿದರೆ ಸೇವಾಮನೋಭಾವದ ಮೇಲೊಂದು ಭಾಷಣ. ‘ಹುಡುಗಿಯರು ಸೇರಿದರೆ ಇಷ್ಟೇ’ ಎಂದು ಕೈ ತೊಳೆದುಕೊಳ್ಳುವವರೂ ಇದ್ದಾರೆ. ಅದೇ ತರಗತಿಯಲ್ಲಿ ಹುಡುಗರೂ ಕೂತಿರುವುದು ಅವರಿಗೆ ಕಾಣುವುದಿಲ್ಲ. ದೋಷವೆಲ್ಲ ಸ್ವಭಾವದ್ದು ಎಂದುಬಿಟ್ಟರೆ ಸಂಸ್ಥೆಗೆ ಕೆಲಸ ಉಳಿಯುವುದಿಲ್ಲ. ಈ ಮತ್ಸರದ ದೊಡ್ಡ ಪಾಲು ಹುಟ್ಟುವುದು ವಾರ್ಡಿನಲ್ಲಿ ಕೇಸ್ ಹಂಚುವ ಮತ್ತು ಕಾಲೇಜಿನಲ್ಲಿ ಇಂಟರ್ನಲ್ಸ್ (ಆಂತರಿಕ ಅಂಕ) ಹಾಕುವ ರೀತಿಯಿಂದ ಎಂಬುದು ನನ್ನ ವಾದ.

ಮಿಡ್‌ವೈಫರಿ ಪೋಸ್ಟಿಂಗನ್ನೇ ನೋಡಿ. ಬಿ.ಎಸ್ಸಿ. ನರ್ಸಿಂಗ್ ಓದುವವರು ಇಂತಿಷ್ಟು ಸಹಜ ಹೆರಿಗೆಗಳನ್ನು ಮಾಡಿಸಿ ಪುಸ್ತಕದಲ್ಲಿ ಸಹಿ ಹಾಕಿಸಿಕೊಳ್ಳಬೇಕು. ಸಹಜ ಹೆರಿಗೆಗಳೋ ಕಡಿಮೆಯಾಗುತ್ತಿವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ. 30ಕ್ಕೂ ಹೆಚ್ಚು ಹೆರಿಗೆಗಳು ಸಿಸೇರಿಯನ್. ಖಾಸಗಿ ಆಸ್ಪತ್ರೆಗಳಲ್ಲಂತೂ ಅರ್ಧದಷ್ಟು. ತಮ್ಮ ಆಸ್ಪತ್ರೆಯಲ್ಲಿ ಕೇಸ್ ಸಾಲದ ಕಾಲೇಜುಗಳು ವಿದ್ಯಾರ್ಥಿಗಳನ್ನು ಸರ್ಕಾರಿ ಆಸ್ಪತ್ರೆಗೆ ಕಳಿಸುತ್ತವೆ. ಅಲ್ಲಿ ಜಿಎನ್‌ಎಂ ನರ್ಸಿಂಗ್ ಡಿಪ್ಲೊಮಾ ವಿದ್ಯಾರ್ಥಿಗಳೂ ವೈದ್ಯ ವಿದ್ಯಾರ್ಥಿಗಳೂ ಅದೇ ಹೆರಿಗೆಗೆ ಕಾದಿರುತ್ತಾರೆ, ಒಂದು ನಲ್ಲಿಗೆ ಇಪ್ಪತ್ತು ಕೊಡ ಸಾಲಿಟ್ಟ ಹಾಗೆ. ನೋವು ಶುರುವಾದಾಗಿನಿಂದ ತಾಯಿಯ ಪಕ್ಕ ನಿಂತು, ಅರ್ಧ ಗಂಟೆಗೊಮ್ಮೆ ಮಗುವಿನ ಎದೆಬಡಿತ ಎಣಿಸಿ, ಹೆರಿಗೆಯ ಪ್ರಗತಿ ಗುರುತಿಸುವ ಪಾರ್ಟೋಗ್ರಾಫ್ ತುಂಬಿ, ಸೊಂಟ ನೀವಿದವಳು ಒಬ್ಬಳು. ತಲೆ ಕಾಣಿಸಿಕೊಂಡಾಗ ಸಿಸ್ಟರ್ ಕಣ್ಣಿಗೆ ಬಿದ್ದು ಗ್ಲೌಸ್ ಹಾಕಿಕೊಂಡವಳು ಇನ್ನೊಬ್ಬಳು. ಪುಸ್ತಕದಲ್ಲಿ ಕೇಸ್ ಬೀಳುವುದು ಎರಡನೆಯವಳ ಹೆಸರಿಗೆ. ಇಲ್ಲಿ ಹೊಟ್ಟೆ ಉರಿಯದಿದ್ದರೆ ಆಶ್ಚರ್ಯಪಡಬೇಕು.

ಇಂಟರ್ನಲ್ಸ್ ಕತೆಯೂ ಇದೇ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನೈಟಿಂಗೇಲ್ ಶಾಲೆ ತೆರೆದಾಗ, ಕಲಿಯುವವರ ಕೆಲಸದ ಜೊತೆಗೆ ನಡತೆಯನ್ನೂ ತಿಂಗಳು ತಿಂಗಳು ನಮೂನೆಯಲ್ಲಿ ಬರೆದಿಡುತ್ತಿದ್ದರು. ಮೇಲಿನವರ ಕಣ್ಣಿಗೆ ಒಳ್ಳೆಯವಳಾಗಿ ಕಾಣಬೇಕೆಂಬ ಒತ್ತಡ ಈ ವೃತ್ತಿಗೆ ಅಷ್ಟು ಹಳೆಯದು. ಈಗ ಕೌಶಲವನ್ನು ಹಂತಹಂತವಾಗಿ ಅಳೆಯುವ ಓಎಸ್‌ಸಿಇ ಪರೀಕ್ಷೆ ಬಂದಿದೆ, ಚೆಕ್‌ಲಿಸ್ಟ್ ಬಂದಿದೆ, ಸರಿಯೇ. ಆದರೆ ತನಗೆ ಯಾವ ಹಂತದಲ್ಲಿ ಅಂಕ ಹೋಯಿತೆಂದು ಗೊತ್ತಾಗದ ವಿದ್ಯಾರ್ಥಿ, ಪಕ್ಕದವಳು ‘ಮೇಡಂಗೆ ಬೇಕಾದವಳು’ ಎಂದೇ ತೀರ್ಮಾನಿಸುತ್ತಾಳೆ. ಆ ಅನುಮಾನ ತಪ್ಪಿದ್ದರೂ ಅದನ್ನು ತೊಡೆಯುವ ದಾರಿ ಅವಳಿಗಿಲ್ಲ.

ಪೈಪೋಟಿ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಕೈಚಳಕದಲ್ಲಿ ಪೈಪೋಟಿ ಇರಲಿ. ಈಗ ಇರುವುದು ಸಹಿಯ ಪೈಪೋಟಿ. ಮತ್ಸರ ಯಾವ ಕಾಲೇಜಿನಲ್ಲಿಲ್ಲ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ, ಒಪ್ಪುತ್ತೇನೆ. ಆದರೆ ಬಿ.ಕಾಂ. ವಿದ್ಯಾರ್ಥಿ ನೋಟ್ಸ್ ಬಚ್ಚಿಟ್ಟರೆ ನಷ್ಟ ಗೆಳೆಯನಿಗೆ. ಶಿಫ್ಟ್ ಬದಲಾಗುವಾಗ ಮಾತು ಬಿಟ್ಟ ಇಬ್ಬರು ವಿದ್ಯಾರ್ಥಿಗಳ ನಡುವೆ ‘ಆರನೇ ಬೆಡ್ಡಿನವರಿಗೆ ರಕ್ತಸ್ರಾವ ಜಾಸ್ತಿ ಅನಿಸ್ತಿದೆ, ಪ್ಯಾಡ್ ನೋಡ್ತಾ ಇರು’ ಎಂಬೊಂದು ಮಾತು ಉಳಿದುಹೋದರೆ ನಷ್ಟ ಬಾಣಂತಿಗೆ. ಸ್ಟಾಫ್ ನರ್ಸ್ ನೋಡಿಕೊಳ್ಳುತ್ತಾರೆ ಎನ್ನಬಹುದು. ಒಬ್ಬರೇ ವಾರ್ಡ್ ಪೂರ್ತಿ ಓಡಾಡುವ ರಾತ್ರಿಪಾಳಿಯಲ್ಲಿ ಆ ಭರವಸೆ ಎಷ್ಟು ಗಟ್ಟಿ ಎಂಬುದು ತಮಗೂ ತಿಳಿದದ್ದೇ.

ಬೋಧಕರ ಕೊರತೆ ಇದೆ, ಹೊಸ ಹೊರೆ ಬೇಡ ಎಂಬುದು ನಿಜವಾದ ತೊಡಕು. ಹಾಗಾಗಿ ಕೇಳುವುದು ಹೆಚ್ಚಲ್ಲ. ಲೇಬರ್ ವಾರ್ಡಿನಲ್ಲಿ ಸರದಿಯ ಪಟ್ಟಿ ಎಲ್ಲರಿಗೂ ಕಾಣುವಂತೆ ತೂಗುಹಾಕಲಿ, ತಾಯಿ ದಾಖಲಾದಾಗಲೇ ವಿದ್ಯಾರ್ಥಿಯ ಹೆಸರು ಬೀಳಲಿ. ನೋವಿನುದ್ದಕ್ಕೂ ಆರೈಕೆ ಮಾಡಿದ ದುಡಿಮೆಯೂ ಹೆರಿಗೆ ಮಾಡಿಸಿದಷ್ಟೇ ತೂಕದಲ್ಲಿ ಲೆಕ್ಕಕ್ಕೆ ಬರಲಿ. ಇದಕ್ಕೆ ರಾಷ್ಟ್ರಮಟ್ಟದ ನರ್ಸಿಂಗ್ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಬೇಕಾದರೆ ತಾವೇ ಬರೆಯಬೇಕು. ಇಂಟರ್ನಲ್ಸ್ ವಿಶ್ವವಿದ್ಯಾಲಯಕ್ಕೆ ಹೋಗುವ ಮೊದಲು ತುಂಬಿದ ಚೆಕ್‌ಲಿಸ್ಟನ್ನು ವಿದ್ಯಾರ್ಥಿ ನೋಡಿ ರುಜು ಹಾಕಲಿ. ತಪಾಸಣೆಗೆ ಹೋಗುವ ತಮ್ಮ ತಂಡಗಳು ಕಟ್ಟಡ, ಲೈಬ್ರರಿಗಳ ಜೊತೆಗೆ ಆ ಸರದಿ ಪಟ್ಟಿಯನ್ನೂ ಕೇಳಿ ನೋಡಲಿ.


ಒಬ್ಬ ನಾಗರಿಕ