ಒಂಬತ್ತು ಎಂಬ ಬೈಗುಳ ಮತ್ತು ನಮ್ಮ ಮಕ್ಕಳ ಮೈದಾನ

ಚೆನ್ನೈಗೆ ಬಂದ ಕನ್ನಡದ ಮಕ್ಕಳು ತಮಿಳು ಕಲಿಯುವುದು ಪಾಠದಲ್ಲಲ್ಲ, ಆಟದ ಮೈದಾನದಲ್ಲಿ. ಅಲ್ಲಿ ಬೇಗ ಕಿವಿಗೆ ಬೀಳುವ ಮಾತುಗಳಲ್ಲಿ 'ಒಂಬದು' ಕೂಡ ಒಂದು. ನಮ್ಮ ಒಂಬತ್ತೇ ಅದು. ನಮ್ಮೂರುಗಳಲ್ಲೂ ಹೆಣ್ಣಿಗನಂತೆ ಕಾಣುವ ಹುಡುಗನನ್ನು ಹಂಗಿಸಲು ಬಳಸುವ ಅದೇ ಸಂಖ್ಯೆ. ಪುಣೆಯಲ್ಲಿರುವವರು 'ಬಾಯಲ್ಯಾ' ಎನ್ನುವುದನ್ನು ಕೇಳಿರುತ್ತೀರಿ. ಪೆನಾಲ್ಟಿ ತಪ್ಪಿಸಿದ ಹುಡುಗನಿಗೆ ಕೋಚ್ ಹಾಗೆ ಕೂಗುವಾಗ, ಪಕ್ಕದ ಬೆಂಚಿನಲ್ಲಿ ಫೋನ್ ನೋಡುತ್ತಾ ಕೂತ ಅಪ್ಪನಿಗೆ ಭಾಷೆಯೇ ಅರ್ಥವಾಗಿರುವುದಿಲ್ಲ. ಮಗನಿಗೆ ಅರ್ಥವಾಗಿರುತ್ತದೆ.

ಆ ಹುಡುಗರಲ್ಲಿ ಒಬ್ಬ ನಿಜಕ್ಕೂ ಸಲಿಂಗಿಯಾಗಿದ್ದರೆ? ಅವನಿಗೆ ಆಟ ಎಷ್ಟು ದಿನ ಉಳಿದೀತು?

ನನ್ನ ಆಫೀಸಿನ ಗೆಳೆಯನೊಬ್ಬನಿಗೆ ಉಳಿಯಲಿಲ್ಲ. ಉತ್ತರ ಕರ್ನಾಟಕದವನು, ಹೈಸ್ಕೂಲಿನಲ್ಲಿ 400 ಮೀಟರ್ ಓಡುತ್ತಿದ್ದ, ಜಿಲ್ಲಾ ಮಟ್ಟದಲ್ಲಿ ಎರಡನೇ ಸ್ಥಾನ ಪಡೆದಿದ್ದ. ತಾನು ಉಳಿದ ಹುಡುಗರಂತಲ್ಲ ಎಂಬುದು ಅವನಿಗೆ ಆಗಲೇ ಗೊತ್ತಿತ್ತು, ಅದಕ್ಕೆ ಏನನ್ನುತ್ತಾರೆ ಎಂಬುದಷ್ಟೇ ಗೊತ್ತಿರಲಿಲ್ಲ. ಜೊತೆಯವರಿಗೆ ಅವನ ದನಿ, ನಡಿಗೆಯೇ ಸಾಕಾಯಿತು. ಕ್ರೀಡಾಕೂಟದಲ್ಲಿ ಎದೆಗೆ ಪಿನ್ ಮಾಡಿಕೊಳ್ಳುವ ನಂಬರ್ ಹಂಚುವಾಗ ಒಂಬತ್ತನ್ನು ಎತ್ತಿಟ್ಟು ಇವನಿಗೇ ಕೊಡುತ್ತಿದ್ದರಂತೆ. ಪಿ.ಟಿ. ಮೇಷ್ಟ್ರೂ ನಕ್ಕರಂತೆ. ಬೇರೆ ಊರಿಗೆ ಸ್ಪರ್ಧೆಗೆ ಹೋದರೆ ರಾತ್ರಿ ಯಾವುದೋ ಶಾಲೆಯ ಕೊಠಡಿಯಲ್ಲಿ ಜಮಖಾನ ಹಾಸಿ ಸಾಲಾಗಿ ಮಲಗುವುದು ರೂಢಿ. ಇವನ ಪಕ್ಕ ಯಾರೂ ಮಲಗುತ್ತಿರಲಿಲ್ಲ. ಅಪ್ಪಿತಪ್ಪಿ ಮಲಗಿದವನಿಗೆ ಮರುದಿನ ಗ್ರಹಚಾರ.

'ಹೊಡೆದಿದ್ರೆ ಮನೇಲಿ ಹೇಳಬಹುದಿತ್ತು. ನಂಬರ್ ಕೊಟ್ರು ಅಂತ ಹೆಂಗ್ ಹೇಳೋದು?' ಎಂದ ಅವನು. ಇನ್ನೊಂದು ಮಾತೂ ಹೇಳಿದ. ಓಡುವಾಗ ಕೈ ಹೇಗೆ ಬೀಸುತ್ತಿದ್ದೇನೆ, ಅದು ಹುಡುಗಿಯರ ಹಾಗೆ ಕಾಣುತ್ತಿದೆಯೇ ಎಂಬುದರ ಮೇಲೆಯೇ ಅವನ ಗಮನವಿರುತ್ತಿತ್ತಂತೆ. 400 ಮೀಟರ್ ಓಡಿದವರಿಗೆ ಗೊತ್ತು, ಕೊನೆಯ ನೂರು ಮೀಟರಿನಲ್ಲಿ ಮೈಯಲ್ಲಿ ಏನೂ ಉಳಿದಿರುವುದಿಲ್ಲ. ಅಲ್ಲೂ ಅವನು ತನ್ನ ಮಣಿಕಟ್ಟು ಕಾಯಬೇಕಿತ್ತು! ಹತ್ತನೇ ತರಗತಿಗೆ ಓಟ ಬಿಟ್ಟ. ಮಗನಿಗೆ ಓದಿನ ಕಡೆ ಲಕ್ಷ್ಯ ಬಂತೆಂದು ಮನೆಯವರಿಗೆ ಖುಷಿಯೋ ಖುಷಿ. ಅಂಕ ಬಂತು, ಎಂಜಿನಿಯರ್ ಆದ. ನಮ್ಮ ಲೆಕ್ಕದಲ್ಲಿ ಇದು ಯಶಸ್ಸಿನ ಕತೆ. ಹೆಸರು, ಊರು ಹಾಕದಿದ್ದರೆ ಬರೆ ಎಂದು ಅವನೇ ಒಪ್ಪಿಗೆ ಕೊಟ್ಟಿದ್ದಾನೆ. ಮನೆಯಲ್ಲಿ ಇನ್ನೂ ಹೇಳಿಲ್ಲ.

ಇದಕ್ಕೆ ಎದುರಾಗಿ ಇಂಗ್ಲೆಂಡಿನ ಒಂದು ಸಂಗತಿ. 2022ರ ಮೇ ತಿಂಗಳಲ್ಲಿ ಬ್ಲ್ಯಾಕ್‌ಪೂಲ್ ಕ್ಲಬ್ಬಿನ ಜೇಕ್ ಡೇನಿಯಲ್ಸ್ ತಾನು ಗೇ ಎಂದು ಬಹಿರಂಗವಾಗಿ ಹೇಳಿದ. ಆಗ ಅವನಿಗೆ 17 ವರ್ಷ. 1990ರಲ್ಲಿ ಜಸ್ಟಿನ್ ಫಶಾನು ಹೇಳಿದ ಮೇಲೆ, ಅಲ್ಲಿನ ಪುರುಷರ ವೃತ್ತಿಪರ ಫುಟ್‌ಬಾಲ್‌ನಲ್ಲಿ ಆಡುತ್ತಿರುವಾಗಲೇ ಹೀಗೆ ಹೇಳಿದವರು ಇರಲಿಲ್ಲ. ಅನುಮಾನ ಬಾರದಿರಲಿ ಎಂದು ಶಾಲೆಯ ದಿನಗಳಲ್ಲಿ ಗರ್ಲ್‌ಫ್ರೆಂಡ್ ಇಟ್ಟುಕೊಂಡಿದ್ದನ್ನೂ ಡೇನಿಯಲ್ಸ್ ಹೇಳಿಕೊಂಡಿದ್ದಾನೆ. ಲೋಕಕ್ಕೆ ತಿಳಿಸುವ ಮೊದಲು ಅಮ್ಮನಿಗೆ, ಅಕ್ಕನಿಗೆ ಹೇಳಿದ್ದ. ಅದರ ಮರುದಿನದ ಪಂದ್ಯದಲ್ಲಿ ಅವನು ಹೊಡೆದದ್ದು ನಾಲ್ಕು ಗೋಲು. ಅವನ ಕ್ಲಬ್ಬು, ಜೊತೆ ಆಟಗಾರರು ಬೆನ್ನಿಗೆ ನಿಂತರು.

ಅದು ಇಂಗ್ಲೆಂಡು ಸ್ವಾಮಿ, ಇಲ್ಲಿ ನಡೆಯಲ್ಲ ಎನ್ನುವವರು ಒಡಿಶಾ ಕಡೆ ನೋಡಬೇಕು. ಜಾಜ್‌ಪುರ ಜಿಲ್ಲೆಯ ನೇಕಾರರ ಮನೆಯ ಹುಡುಗಿ ದ್ಯುತಿ ಚಂದ್, ತಾನು ಹುಡುಗಿಯೊಬ್ಬಳನ್ನು ಪ್ರೀತಿಸುತ್ತಿರುವುದಾಗಿ 2019ರ ಮೇ ತಿಂಗಳಲ್ಲಿ ಹೇಳಿದಾಗ ಮನೆಯವರೇ ತಿರುಗಿಬಿದ್ದರು. ಎರಡು ತಿಂಗಳೊಳಗೆ ಇಟಲಿಯ ನೇಪಲ್ಸ್‌ನಲ್ಲಿ ವಿಶ್ವ ವಿಶ್ವವಿದ್ಯಾಲಯ ಕ್ರೀಡಾಕೂಟದ 100 ಮೀಟರ್ ಓಟವನ್ನು 11.32 ಸೆಕೆಂಡಿನಲ್ಲಿ ಮುಗಿಸಿ ಚಿನ್ನ ಗೆದ್ದಳು. (ಆಮೇಲೆ ಡೋಪಿಂಗ್ ಪ್ರಕರಣದಲ್ಲಿ ನಿಷೇಧವಾದದ್ದು ಬೇರೆ ವಿಷಯ, ಅದನ್ನು ಮುಚ್ಚಿಡುವುದೂ ಬೇಡ.) ಚಿಕ್ಕವಳಿದ್ದಾಗ ಭುವನೇಶ್ವರದ ಕ್ರೀಡಾ ಹಾಸ್ಟೆಲ್‌ನಲ್ಲಿ ಹಿರಿಯ ಹುಡುಗಿಯರು ತನ್ನಿಂದ ಮೈ ಒತ್ತಿಸಿಕೊಳ್ಳುತ್ತಿದ್ದರು, ಬಟ್ಟೆ ಒಗೆಸುತ್ತಿದ್ದರು ಎಂದು 2022ರಲ್ಲಿ ಅವಳೇ ಬರೆದುಕೊಂಡಳು. ಆ ರ‍್ಯಾಗಿಂಗ್‌ಗೂ ಅವಳ ಪ್ರೀತಿಗೂ ಸಂಬಂಧವಿಲ್ಲ. ಆದರೆ ಮೇಷ್ಟ್ರ ಕಣ್ಣು ತಪ್ಪಿದ ಕ್ರೀಡಾ ಹಾಸ್ಟೆಲ್ಲು, ಬಟ್ಟೆ ಬದಲಿಸುವ ಕೋಣೆ, ಟೂರ್ನಿಯ ಬಸ್ಸು ಎಂಥ ಜಾಗಗಳು ಎಂಬುದಂತೂ ತಿಳಿಯುತ್ತದೆ. ಬೇರೆ ಮಕ್ಕಳಿಗೇ ಹೀಗಾದರೆ, ಗುಟ್ಟೊಂದನ್ನು ಹೊತ್ತ ಮಗುವಿನ ಪಾಡೇನು?

ಇವೆಲ್ಲ ಮಕ್ಕಳಾಟ, ಆಟಗಾರನೆಂದ ಮೇಲೆ ಚರ್ಮ ದಪ್ಪ ಇರಬೇಕು ಎನ್ನುವವರಿದ್ದಾರೆ. ಎದುರಾಳಿಯ ವಿಷಯದಲ್ಲಾದರೆ ಒಪ್ಪುತ್ತೇನೆ. ತನ್ನದೇ ತಂಡದಿಂದ, ತನ್ನದೇ ಕೋಚ್‌ನಿಂದ ಬಚಾವಾಗಲು ದಪ್ಪ ಚರ್ಮ ಬೇಕೆಂದರೆ ಅದು ತಂಡ ಹೇಗಾದೀತು? ಇನ್ನು, ಈ ವಯಸ್ಸಿನಲ್ಲಿ ಇದನ್ನೆಲ್ಲ ಮಕ್ಕಳ ತಲೆಗೆ ತುಂಬಬೇಡಿ ಎನ್ನುವವರು ಒಂದು ಸಂಜೆ ಫೋನ್ ಬದಿಗಿಟ್ಟು ಮೈದಾನದ ಮಾತು ಕೇಳಿಸಿಕೊಳ್ಳಲಿ. ತುಂಬುವ ಕೆಲಸ ಅಲ್ಲಿ ಆಗಲೇ ಮುಗಿದಿರುತ್ತದೆ. ನಮ್ಮ ಐಟಿ ಕಂಪನಿಗಳದ್ದು ಇನ್ನೊಂದು ತಮಾಷೆ. ಜೂನ್ ಬಂತೆಂದರೆ ಲೋಗೋಗೆ ಕಾಮನಬಿಲ್ಲಿನ ಬಣ್ಣ. ಅದನ್ನು ಲೈಕ್ ಮಾಡಿದವರೇ ಸಂಜೆ ಅಪಾರ್ಟ್‌ಮೆಂಟಿನಲ್ಲಿ ಕ್ಯಾಚ್ ಬಿಟ್ಟ ಹುಡುಗನಿಗೆ 'ಬಳೆ ತೊಟ್ಕೊ' ಎನ್ನುತ್ತಾರೆ.

ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. ಅದು ಎಲ್ಲರಿಗೂ ಗೊತ್ತು. ಚೆನ್ನೈಯಲ್ಲಿರುವ ನಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಮದ್ರಾಸ್ ಹೈಕೋರ್ಟಿನ 2021ರ ಜೂನ್ 7ರ ಆದೇಶ. ಮನೆಬಿಟ್ಟು ಬಂದ ಇಬ್ಬರು ಯುವತಿಯರು ರಕ್ಷಣೆ ಕೋರಿದ ಪ್ರಕರಣವದು. ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಮೊದಲು ತಾವೇ ಮನಃಶಾಸ್ತ್ರಜ್ಞರ ಬಳಿ ಕೂತು ವಿಷಯ ತಿಳಿದುಕೊಂಡು ಆಮೇಲೆ ಆದೇಶ ಬರೆದರು. ಸಲಿಂಗಿಗಳನ್ನು 'ಸರಿಪಡಿಸುವ' ಚಿಕಿತ್ಸೆಗೆ ಅದರಲ್ಲಿ ನಿಷೇಧವಿದೆ. ಜೊತೆಗೆ ಶಾಲೆಗಳು ಪೋಷಕ–ಶಿಕ್ಷಕ ಸಂಘದ ಮೂಲಕ ಹೆತ್ತವರಿಗೆ ತಿಳಿವಳಿಕೆ ನೀಡಬೇಕು, ಇಂಥ ಮಕ್ಕಳ ದೂರು ಕೇಳಬಲ್ಲ ಆಪ್ತಸಮಾಲೋಚಕರು ಇರಬೇಕು ಎಂದೂ ಇದೆ. ಪೋಷಕರ ಸಭೆಯಲ್ಲಿ ವಾರ್ಷಿಕೋತ್ಸವದ ಡ್ರೆಸ್ ಬಗ್ಗೆ ಅರ್ಧ ಗಂಟೆ ಚರ್ಚಿಸುವ ನಾವು ಇದನ್ನು ಐದು ನಿಮಿಷ ಕೇಳಬಹುದು: ಕ್ರೀಡಾ ಶಿಕ್ಷಕರಿಗೆ ಈ ತರಬೇತಿ ಆಗಿದೆಯೇ? ಬೇರೆ ಊರಿನ ಟೂರ್ನಿಯಲ್ಲಿ ಏನಾದರೂ ಆದರೆ ಮಗು ಯಾರಿಗೆ ಫೋನ್ ಮಾಡಬೇಕು?

ನಮ್ಮ ಅಪಾರ್ಟ್‌ಮೆಂಟಿನ ಫುಟ್‌ಬಾಲ್ ಕೋಚಿಂಗ್ ಒಪ್ಪಂದ ಸದ್ಯದಲ್ಲೇ ನವೀಕರಣಕ್ಕೆ ಬರುತ್ತಿದೆ. ಮಕ್ಕಳನ್ನು ಇಂಥ ಮಾತುಗಳಿಂದ ಹೀಯಾಳಿಸಿದರೆ ಒಪ್ಪಂದ ರದ್ದು ಎಂಬ ಒಂದು ಸಾಲು ಸೇರಿಸಿ ಎಂದು ನಿವಾಸಿಗಳ ಸಂಘಕ್ಕೆ ಪತ್ರ ಬರೆದಿದ್ದೇನೆ. ಇಲ್ಲಿಯವರೆಗೆ ನಾಲ್ಕು ಮನೆಯವರು ಸಹಿ ಹಾಕಿದ್ದಾರೆ, ಅದರಲ್ಲಿ ಎರಡು ಕನ್ನಡದ ಮನೆಗಳು.