ಕಂಪ್ಯೂಟರ್ ಶುಚಿ: ಅಳಿಸುವ ಅಧಿಕಾರ ಯಾರಿಗೆ?

ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11ಕ್ಕೆ ಹೋಗಬೇಕೆಂದರೆ ಯಂತ್ರದಲ್ಲಿ ಟಿಪಿಎಂ 2.0 ಭದ್ರತಾ ವ್ಯವಸ್ಥೆ ಇರಬೇಕು; ಇಂಟೆಲ್ ಪ್ರೊಸೆಸರ್ ಆದರೆ ಬಹುಮಟ್ಟಿಗೆ ಎಂಟನೇ ಪೀಳಿಗೆಯದೋ ಆಮೇಲಿನದೋ ಆಗಿರಬೇಕು. ವಿಜಯಪುರ ನಗರದಲ್ಲಿ ರೂಮು ಮಾಡಿಕೊಂಡು ಓದುವ ವಿದ್ಯಾರ್ಥಿಯ ಹಳೆಯ ಲ್ಯಾಪ್‌ಟಾಪ್, ತಿಕೋಟಾದ ದ್ರಾಕ್ಷಿ ಬೆಳೆಗಾರರ ಮನೆಯ ಡೆಸ್ಕ್‌ಟಾಪ್, ಬಬಲೇಶ್ವರದ ಗೊಬ್ಬರದಂಗಡಿಯಲ್ಲಿ ಲೆಕ್ಕ ಬರೆಯುವ ಕಂಪ್ಯೂಟರ್ ಹತ್ತು ವರ್ಷ ಹಳೆಯದಾಗಿದ್ದರೆ ಆ ದಾರಿ ಅದಕ್ಕೆ ಮುಚ್ಚಿದಂತೆಯೇ. ಹೊಸದನ್ನು ಕೊಳ್ಳಲು ಎಲ್ಲರಿಗೂ ಆಗುವುದಿಲ್ಲ. ಆಗ ಕಣ್ಣಿಗೆ ಬೀಳುವುದು ಯಂತ್ರವನ್ನು ಒಂದೇ ಕ್ಲಿಕ್ಕಿನಲ್ಲಿ ಚುರುಕುಗೊಳಿಸುತ್ತೇವೆ ಎನ್ನುವ ಕ್ಲೀನರ್ ತಂತ್ರಾಂಶಗಳು.

ಕ್ಲೀನರ್ ಎಷ್ಟೇ ಒಳ್ಳೆಯದಿರಲಿ, ಭದ್ರತಾ ಅಪ್‌ಡೇಟಿನ ಕೆಲಸವನ್ನು ಅದು ಮಾಡಲಾರದು. ತಾತ್ಕಾಲಿಕ ಫೈಲುಗಳನ್ನು ತೆಗೆದರೆ ಡಿಸ್ಕಿನಲ್ಲಿ ಜಾಗ ಸಿಗುತ್ತದೆಯೇ ಹೊರತು ಕಾರ್ಯಾಚರಣೆ ವ್ಯವಸ್ಥೆಯಲ್ಲಿ ಉಳಿದ ತೂತು ಮುಚ್ಚುವುದಿಲ್ಲ. ವಿಂಡೋಸ್ 10ನ್ನೇ ಬಳಸುವ ಮನೆಯವರಿಗೆ ಮೈಕ್ರೊಸಾಫ್ಟ್ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟುಗಳ ಯೋಜನೆ ತಂದಿದೆ. ಮೈಕ್ರೊಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗುಗಳ ಬ್ಯಾಕಪ್ ಆನ್ ಮಾಡಿಕೊಂಡರೆ ಅದು ಹಣವಿಲ್ಲದೆ ಸಿಗುತ್ತದೆ. ಕ್ಲೀನರ್ ಹುಡುಕುವ ಮೊದಲು ಆಗಬೇಕಾದ ಕೆಲಸ ಇದು.

ಇಷ್ಟಕ್ಕೂ ನಮ್ಮ ಕಡೆಯ ಮನೆ ಕಂಪ್ಯೂಟರಿನಲ್ಲಿ ಇರುವುದೇನು? ಹೊಲದ ಉತಾರದ ಪಿಡಿಎಫ್, ಬೆಳೆವಿಮೆ ಕಂತಿನ ರಸೀದಿ, ತಾಸಗಾಂವ್ ಇಲ್ಲವೇ ಸಾಂಗ್ಲಿಯ ಪೇಟೆಗೆ ಕಳಿಸಿದ ಒಣದ್ರಾಕ್ಷಿಯ ಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಸಿಇಟಿ ಅರ್ಜಿಯ ಪ್ರತಿ, ಮದುವೆಯ ಫೋಟೊ. ಇವುಗಳಲ್ಲಿ ಹೆಚ್ಚಿನವು ಅಚ್ಚುಕಟ್ಟಾದ ಫೋಲ್ಡರಿನಲ್ಲಿ ಇರುವುದಿಲ್ಲ. ಇಳಿಸಿಕೊಂಡಾಗ ಡೌನ್‌ಲೋಡ್ಸ್‌ನಲ್ಲಿ ಬಿದ್ದದ್ದು ಅಲ್ಲೇ ಇರುತ್ತದೆ, ಅದರ ಹೆಸರೂ ಬರೀ ಅಂಕಿಗಳ ಸಾಲಾಗಿರುತ್ತದೆ. ಕ್ಲೀನರಿನ ಲೆಕ್ಕದಲ್ಲಿ ಅದು ಆರು ತಿಂಗಳಿಂದ ಯಾರೂ ತೆರೆಯದ ಫೈಲು. ಮನೆಯವರಿಗೆ ಅದು ಬ್ಯಾಂಕಿನ ಸಾಲಕ್ಕೆ ಬೇಕಾದ ಕಾಗದ. ಯಾವುದು ಕಸ, ಯಾವುದು ಕಾಗದಪತ್ರ ಎಂದು ತೀರ್ಮಾನಿಸುವ ಅಧಿಕಾರವನ್ನು ಈ ಮನೆಯ ಬಗ್ಗೆ ಏನೂ ತಿಳಿಯದ ತಂತ್ರಾಂಶಕ್ಕೆ ಒಪ್ಪಿಸಬಾರದು ಎಂಬುದೇ ನನ್ನ ವಾದ.

ಈ ತಂತ್ರಾಂಶಗಳಲ್ಲಿ ಹಲವು ಭಯವನ್ನೇ ಬಂಡವಾಳ ಮಾಡಿಕೊಂಡಿವೆ. ಅಮೆರಿಕದ ಆಫೀಸ್ ಡಿಪೊ ಮಳಿಗೆಗಳಲ್ಲಿ ಗ್ರಾಹಕರ ಕಂಪ್ಯೂಟರಿಗೆ ಪುಕ್ಕಟೆ ‘ಆರೋಗ್ಯ ತಪಾಸಣೆ’ ಮಾಡಿಕೊಡುತ್ತಿದ್ದರು. ತಪಾಸಣೆಗೆ ಮುನ್ನ ನಾಲ್ಕು ಪ್ರಶ್ನೆ: ಯಂತ್ರ ನಿಧಾನವೇ, ವೈರಸ್ ಎಚ್ಚರಿಕೆ ಬರುತ್ತದೆಯೇ, ಆಗಾಗ ಕೈಕೊಡುತ್ತದೆಯೇ, ಪಾಪ್‌ಅಪ್ ಕಾಟವಿದೆಯೇ. ಒಂದಕ್ಕಾದರೂ ಹೌದು ಎಂದು ಗುರುತು ಹಾಕಿದರೆ ಸಾಕು, ಮಾಲ್‌ವೇರಿನ ಲಕ್ಷಣ ಕಂಡಿದೆ ಎಂಬ ವರದಿ ಬರುತ್ತಿತ್ತು. ತಪಾಸಣೆಯಲ್ಲಿ ಏನು ಸಿಕ್ಕಿತು ಎಂಬುದಕ್ಕೂ ಆ ವರದಿಗೂ ಸಂಬಂಧವೇ ಇರಲಿಲ್ಲ. ಅದನ್ನು ನಂಬಿದವರು ದುರಸ್ತಿಗೆ ನೂರಾರು ಡಾಲರ್ ಕಟ್ಟಿದರು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಹಿಡಿದ ಮೇಲೆ 2019ರಲ್ಲಿ ಆಫೀಸ್ ಡಿಪೊ ಮತ್ತು ತಂತ್ರಾಂಶ ಒದಗಿಸಿದ ಸಪೋರ್ಟ್ ಡಾಟ್ ಕಾಮ್ ಸೇರಿ 3.5 ಕೋಟಿ ಡಾಲರ್ ತೆತ್ತವು. 2024ರಲ್ಲಿ ರಿಇಮೇಜ್ ಮತ್ತು ರೆಸ್ಟೊರೊ ಎಂಬ ಕಂಪನಿಗಳು ಇಂಥದೇ ಆರೋಪದ ಮೇಲೆ 2.6 ಕೋಟಿ ಡಾಲರ್ ಕೊಡಲು ಒಪ್ಪಿದವು. ಉಚಿತವಾಗಿ ತಪಾಸಣೆ ಮಾಡಿ, ಗಾಬರಿ ಹುಟ್ಟಿಸಿ, ಸರಿಪಡಿಸಲು ಹಣ ಕೇಳುವ ಪ್ರೋಗ್ರಾಮುಗಳನ್ನು ಬೇಡದ ತಂತ್ರಾಂಶವೆಂದೇ ತೆಗೆದುಹಾಕುವುದಾಗಿ ಮೈಕ್ರೊಸಾಫ್ಟ್ ಹೇಳಿ, 2018ರ ಮಾರ್ಚ್ 1ರಿಂದ ಡಿಫೆಂಡರ್ ಮೂಲಕ ಅದನ್ನು ಜಾರಿಗೆ ತಂದಿತು. ‘1,482 ದೋಷಗಳಿವೆ’ ಎಂಬ ಕೆಂಪು ಅಕ್ಷರ ಪರದೆಯ ಮೇಲೆ ಬಂದರೆ ಆ ಅಂಕಿಗೆ ಬೆದರಬೇಡಿ. ಬ್ರೌಸರಿನ ಒಂದೊಂದು ಕುಕಿಯನ್ನೂ ದೋಷವೆಂದು ಎಣಿಸುವವರಿಗೆ ಸಾವಿರ ದಾಟುವುದು ಕಷ್ಟವಲ್ಲ.

ಹೆಸರುವಾಸಿ ಕಂಪನಿಯದಾದರೆ ಭಯವಿಲ್ಲ ಎನ್ನುವಂತೆಯೂ ಇಲ್ಲ. ಪಿರಿಫಾರ್ಮ್ ಕಂಪನಿಯ ಸಿಕ್ಲೀನರ್ ಈ ಬಗೆಯ ತಂತ್ರಾಂಶಗಳಲ್ಲೇ ಹೆಚ್ಚು ಬಳಕೆಯದು. 2017ರ ಜುಲೈನಲ್ಲಿ ಆಂಟಿವೈರಸ್ ಕಂಪನಿ ಅವಾಸ್ಟ್ ಪಿರಿಫಾರ್ಮನ್ನು ಕೊಂಡಿತು. ಆಗಸ್ಟ್ 15ರಂದು ಬಿಡುಗಡೆಯಾದ 5.33ನೇ ಆವೃತ್ತಿಯೊಳಗೆ ದಾಳಿಕೋರರು ತಮ್ಮ ಕೋಡನ್ನು ಮೊದಲೇ ಸೇರಿಸಿದ್ದರು. ಕಂಪನಿಯ ಸ್ವಂತ ಸರ್ವರಿನಿಂದ, ಕಂಪನಿಯದೇ ಡಿಜಿಟಲ್ ಸಹಿಯೊಂದಿಗೆ ಬಂದದ್ದರಿಂದ ಅನುಮಾನಕ್ಕೆ ಎಡೆಯೇ ಇರಲಿಲ್ಲ. ಸುಮಾರು 22.7 ಲಕ್ಷ ಬಳಕೆದಾರರ ಯಂತ್ರಗಳಿಗೆ ಅದು ಹೋಯಿತು. ವಿಷಯ ಹೊರಬಿದ್ದದ್ದು ಸೆಪ್ಟೆಂಬರ್ 18ಕ್ಕೆ. ದಾಳಿಕೋರರ ನಿಜವಾದ ಗುರಿ ದೊಡ್ಡ ತಂತ್ರಜ್ಞಾನ ಕಂಪನಿಗಳಾಗಿದ್ದರಿಂದ ಎರಡನೇ ಹಂತದ ದಾಳಿ ಸುಮಾರು 40 ಯಂತ್ರಗಳಿಗಷ್ಟೇ ತಲುಪಿತು. ಮನೆಬಳಕೆದಾರರು ಉಳಿದುಕೊಂಡರು, ಆದರೆ ತಮ್ಮ ಎಚ್ಚರದಿಂದ ಅಲ್ಲ. ಡಿಸ್ಕಿನ ಮೂಲೆಮೂಲೆಗೂ ಕೈ ಹಾಕುವ ಅನುಮತಿ ಇರುವ ಪ್ರೋಗ್ರಾಮನ್ನು ಕೂರಿಸಿದಾಗಲೆಲ್ಲ ದಾಳಿಗೆ ಇನ್ನೊಂದು ಬಾಗಿಲು ತೆರೆಯುತ್ತದೆ. ಅದರ ‘ಫುಲ್ ವರ್ಷನ್’ ಪುಕ್ಕಟೆ ಸಿಗಲೆಂದು ಕ್ರ್ಯಾಕ್ ಹುಡುಕುವವರು ಆ ಬಾಗಿಲಿನಲ್ಲಿ ಪಾಸ್‌ವರ್ಡ್ ಕದಿಯುವವರನ್ನು ತಾವೇ ಒಳಗೆ ಕರೆಯುತ್ತಾರೆ.

ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ರಿಜಿಸ್ಟ್ರಿಯನ್ನು ಸ್ವಚ್ಛಗೊಳಿಸುವ ಗುಂಡಿಯನ್ನಂತೂ ಮನೆಯಲ್ಲಿ ಯಾರೂ ಒತ್ತಬಾರದು. ಅನಾಥ ನಮೂದುಗಳು ನೂರಾರು ಇದ್ದರೂ ಯಂತ್ರದ ವೇಗಕ್ಕೆ ಅವುಗಳಿಂದ ಆಗುವ ತೊಂದರೆ ಗಮನಕ್ಕೇ ಬಾರದಷ್ಟು. ತಪ್ಪಿ ಒಂದು ಮುಖ್ಯ ನಮೂದು ಹೋದರೆ ಪ್ರಿಂಟರ್ ನಿಲ್ಲಬಹುದು, ವಿಂಡೋಸೇ ಏಳದಿರಬಹುದು. ಒಂದು ಕಾಲಕ್ಕೆ ರೆಗ್‌ಕ್ಲೀನ್ ಎಂಬ ಸಾಧನವನ್ನು ತಾನೇ ಕೊಟ್ಟಿದ್ದ ಮೈಕ್ರೊಸಾಫ್ಟ್ ಅದನ್ನು ಹಿಂತೆಗೆದುಕೊಂಡಿತು. ಇಂಥ ಸಾಧನಗಳ ಬಳಕೆಯನ್ನು ತಾನು ಬೆಂಬಲಿಸುವುದಿಲ್ಲ ಎಂದು ಈಗ ಸ್ಪಷ್ಟವಾಗಿ ಹೇಳುತ್ತದೆ.

ಹಾಗಾದರೆ ಯಾವುದನ್ನು ಬಳಸಬೇಕು? ವಿಂಡೋಸ್ ಒಳಗೇ ಇರುವ ಸ್ಟೋರೇಜ್ ಸೆನ್ಸ್, ಡಿಸ್ಕ್ ಕ್ಲೀನಪ್ ಸಾಕು. ಅವುಗಳನ್ನೂ ಕಣ್ಣುಮುಚ್ಚಿ ಒತ್ತುವಂತಿಲ್ಲ. ವಿಂಡೋಸ್ 10ರ 2018ರ ಅಕ್ಟೋಬರ್ ಆವೃತ್ತಿಯಲ್ಲಿ ಡಿಸ್ಕ್ ಕ್ಲೀನಪ್ ಪಟ್ಟಿಗೆ ಡೌನ್‌ಲೋಡ್ಸ್ ಫೋಲ್ಡರೂ ಸೇರಿತು. ಎಲ್ಲ ಚೌಕಕ್ಕೂ ಗುರುತು ಹಾಕುವ ಅಭ್ಯಾಸವಿದ್ದವರ ಕಾಗದಪತ್ರ ಅದರೊಂದಿಗೆ ಹೋಯಿತು; 2020ರಲ್ಲಿ ಆ ಆಯ್ಕೆಯನ್ನು ತೆಗೆದರು. ಅದೇ 2018ರ ಅಪ್‌ಡೇಟ್ ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರನ್ನೇ ಅಳಿಸಿಬಿಟ್ಟಿತ್ತು, ಕೆಲವೇ ದಿನಗಳಲ್ಲಿ ಮೈಕ್ರೊಸಾಫ್ಟ್ ಅದನ್ನು ತಡೆಹಿಡಿಯಬೇಕಾಯಿತು. ಈಗ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್, ಅದರೊಳಗೆ ಟೆಂಪರರಿ ಫೈಲ್ಸ್ ತೆರೆದರೆ ಅಲ್ಲಿಯೂ ಡೌನ್‌ಲೋಡ್ಸ್ ಹೆಸರು ಕಾಣುತ್ತದೆ. ಆ ಚೌಕ ಖಾಲಿಯೇ ಇರಲಿ. ರಿಸೈಕಲ್ ಬಿನ್ನನ್ನು ಒಮ್ಮೆ ತೆರೆದು ನೋಡಿ ಆಮೇಲೆ ಖಾಲಿ ಮಾಡಿ. ಬ್ರೌಸರ್ ಶುಚಿ ಮಾಡುವಾಗ ಕ್ಯಾಶ್ ತೆಗೆದರೆ ನಷ್ಟವಿಲ್ಲ, ಉಳಿಸಿಟ್ಟ ಪಾಸ್‌ವರ್ಡುಗಳ ಚೌಕಕ್ಕೆ ಮಾತ್ರ ಗುರುತು ಹಾಕಬೇಡಿ. ಒನ್‌ಡ್ರೈವಿಗೆ ಜೋಡಿಸಿದ ಫೋಲ್ಡರಿನಲ್ಲಿ ಅಳಿಸಿದ್ದು ಮೊಬೈಲಿನಿಂದಲೂ ಮಾಯವಾಗುತ್ತದೆ. ಅದರ ಕಸದಬುಟ್ಟಿಯಲ್ಲಿ 30 ದಿನ ಇರುತ್ತದೆ, ಅಷ್ಟೇ.

ದುರಸ್ತಿ ಅಂಗಡಿಗಳ ಎರಡು ರೂಢಿಗಳ ಬಗ್ಗೆ ಹೇಳಲೇಬೇಕು. ರನ್ ಬಾಕ್ಸಿನಲ್ಲಿ ಟೆಂಪ್, ಪ್ರಿಫೆಚ್ ಎಂದು ಬರೆದು ಸಿಕ್ಕಿದ್ದನ್ನೆಲ್ಲ ಅಳಿಸುವುದು ಒಂದು. ಟೆಂಪ್ ಖಾಲಿ ಮಾಡಿದರೆ ಜಾಗ ಸಿಗುತ್ತದೆ, ಸರಿ. ಪ್ರಿಫೆಚ್ ಇರುವುದು ಪ್ರೋಗ್ರಾಮುಗಳು ಬೇಗ ತೆರೆಯಲೆಂದೇ. ಅದನ್ನು ಅಳಿಸಿದರೆ ಮುಂದಿನ ಸಲ ಅವು ಇನ್ನಷ್ಟು ತಡವಾಗುತ್ತವೆ. ಇನ್ನೊಂದು ರೂಢಿ, ಏನಾದರೂ ಸರಿ ಫಾರ್ಮ್ಯಾಟ್ ಮಾಡಿಬಿಡುವುದು. ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಎತ್ತಿಟ್ಟರೆ ಮುಗಿಯಿತು ಎಂದುಕೊಳ್ಳುತ್ತಾರೆ. ಅಂಗಡಿಯ ಟ್ಯಾಲಿ ಲೆಕ್ಕ ಸಿ ಡ್ರೈವಿನ ಬೇರೆ ಮೂಲೆಯಲ್ಲಿ ಇರಬಹುದು, ನೆನಪಾಗುವ ಹೊತ್ತಿಗೆ ಅದರ ಮೇಲೆ ಹೊಸ ವಿಂಡೋಸ್ ಕೂತಿರುತ್ತದೆ. ಕನ್ನಡದವರಿಗೆ ಮತ್ತೊಂದು ತೊಡಕು ಇದೆ. ನುಡಿ ಇಲ್ಲವೇ ಬರಹದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪು ಮಾಡಿದ ಪತ್ರಗಳು ಫಾರ್ಮ್ಯಾಟ್ ಆದ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆದುಕೊಳ್ಳುತ್ತವೆ. ಫೈಲು ಕೆಟ್ಟಿದೆ ಎಂದು ಅಳಿಸಿದವರೂ ಇರಬಹುದು. ಫೈಲು ಕೆಟ್ಟಿರುವುದಿಲ್ಲ, ಫಾಂಟ್ ಹೋಗಿರುತ್ತದೆ. ಹಾಗಾಗಿ ಬ್ಯಾಕಪ್ ಎಂದರೆ ಫಾಂಟುಗಳೂ ಸೇರಬೇಕು.

ಡೂಪ್ಲಿಕೇಟ್ ಹುಡುಕುವ ಸಾಧನಗಳನ್ನು ನಾನು ಇನ್ನೂ ಅನುಮಾನದಿಂದ ನೋಡುತ್ತೇನೆ. ಬರೀ ಹೆಸರು, ಗಾತ್ರ ಹೋಲಿಸಿ ಎರಡರಲ್ಲಿ ಒಂದು ಹೆಚ್ಚಾಯಿತು ಎನ್ನುವ ಸಾಧನಕ್ಕೆ ಎರಡನೆಯದನ್ನು ಮನೆಯವರು ಬೇಕೆಂದೇ ಇಟ್ಟಿದ್ದಾರೆ ಎಂಬುದು ಹೊಳೆಯುವುದಿಲ್ಲ. ಬೇಡವೆಂದು ಕಂಡದ್ದನ್ನು ಎಸೆಯದೆ ಇಟ್ಟದ್ದರ ಬೆಲೆಗೆ ಇಲ್ಲೇ ಉದಾಹರಣೆ ಇದೆ. ಇದೇ ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಊರೂರು ತಿರುಗಿ ತಾಡೋಲೆಗಳನ್ನು ಕೂಡಿಹಾಕಿದರು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರತಂದರು. ಆ ಕಟ್ಟುಗಳನ್ನು ಹಳೆಯವೆಂದು ಎಸೆಯದ ಮನೆಗಳಿದ್ದುದರಿಂದಲೇ ಅವರಿಗೆ ಅವು ಸಿಕ್ಕವು.

ಯಂತ್ರ ನಿಧಾನವಾಗಲು ಕಾರಣವೂ ಬಹಳ ಸಲ ಫೈಲುಗಳಲ್ಲಿ ಇರುವುದಿಲ್ಲ. ಎರೆಭೂಮಿಯ ಸಣ್ಣ ದೂಳು ಕಿಟಕಿ ಮುಚ್ಚಿದರೂ ಒಳಗೆ ಬರುತ್ತದೆ. ಬೇಸಿಗೆಯಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಫ್ಯಾನು, ಹೀಟ್‌ಸಿಂಕ್ ದೂಳು ಹಿಡಿದರೆ ಪ್ರೊಸೆಸರ್ ಬಿಸಿಯಿಂದ ಪಾರಾಗಲು ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಇದಕ್ಕೆ ಯಾವ ತಂತ್ರಾಂಶದಲ್ಲೂ ಮದ್ದಿಲ್ಲ. ಯಂತ್ರ ಆಫ್ ಮಾಡಿ, ಪ್ಲಗ್ ಕಿತ್ತು, ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದು, ಮೆತ್ತನೆ ಬ್ರಷ್ ಅಥವಾ ಬ್ಲೋವರಿನಿಂದ ದೂಳು ತೆಗೆಯಬೇಕು. ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಅದರ ಜಾಗಕ್ಕೆ ಎಸ್‌ಎಸ್‌ಡಿ ಹಾಕಿಸುವುದರಿಂದ ಸಿಗುವ ವೇಗವನ್ನು ಯಾವ ಕ್ಲೀನರೂ ಕೊಡಲಾರದು. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿಯಲ್ಲಿ ಬೇಡದ್ದನ್ನು ನಿಲ್ಲಿಸಲು ಎರಡು ನಿಮಿಷ ಸಾಕು. ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋದರೆ ವಿಂಡೋಸ್ ಕೆಡುವ ಸಂಭವ ಇರುವುದರಿಂದ ಡೆಸ್ಕ್‌ಟಾಪಿಗೆ ಯುಪಿಎಸ್ ಬೇಕು.

ಏನನ್ನೇ ಅಳಿಸುವುದಿದ್ದರೂ ಮೊದಲು ಹೊರಗಿನ ಡಿಸ್ಕಿನಲ್ಲಿ ಒಂದು ನಕಲು ಇರಲಿ, ನಕಲಾದ ಕೂಡಲೇ ಆ ಡಿಸ್ಕನ್ನು ಯಂತ್ರದಿಂದ ಬಿಡಿಸಿಡಿ. ತಪ್ಪಿ ಅಳಿಸಿದ್ದರೆ ಆ ಕ್ಷಣದಿಂದ ಯಂತ್ರ ಬಳಸಬೇಡಿ. ಹಾರ್ಡ್ ಡಿಸ್ಕಿನಲ್ಲಿ ಹೊಸದನ್ನು ಬರೆಯುವವರೆಗೆ ಹಳೆಯದು ಮರಳಿ ಸಿಗುವ ಆಸೆ ಇರುತ್ತದೆ. ಎಸ್‌ಎಸ್‌ಡಿಯಲ್ಲಿ ಅಳಿಸಿದ ಜಾಗವನ್ನು ಯಂತ್ರವೇ ಬೇಗ ಖಾಲಿ ಮಾಡುವುದರಿಂದ ಆ ಆಸೆ ತೀರಾ ಕಡಿಮೆ.

ಕೇಂದ್ರ ಸರ್ಕಾರ 2017ರ ಫೆಬ್ರುವರಿಯಲ್ಲಿ ಸೈಬರ್ ಸ್ವಚ್ಛತಾ ಕೇಂದ್ರ ಆರಂಭಿಸಿತು. ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ನಡೆಸುವ ಈ ಕೇಂದ್ರದ ತಾಣದಲ್ಲಿ ಬಾಟ್ ಮಾಲ್‌ವೇರ್ ತೆಗೆಯುವ ಸಾಧನಗಳು ಉಚಿತವಾಗಿ ಸಿಗುತ್ತವೆ. ಸೋಂಕಿನ ಅನುಮಾನವಿದ್ದವರು ಜಾಹೀರಾತಿನ ಕ್ಲೀನರ್ ಬಿಟ್ಟು ಅಲ್ಲಿಗೆ ಹೋಗುವುದು ಲೇಸು. ಪಾಪ್‌ಅಪ್ಪಿನಲ್ಲಿ ಬಂದ ನಂಬರಿಗೆ ಕರೆ ಮಾಡಿ ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸಬೇಕು. ಇಷ್ಟು ಮಾಹಿತಿಯಾದರೂ ತಿಕೋಟಾ, ಬಬಲೇಶ್ವರ ತಾಲ್ಲೂಕುಗಳ ಹಳ್ಳಿಯ ಮನೆಗಳಿಗೆ ಕನ್ನಡದಲ್ಲಿ ತಲುಪಬೇಕು. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲಿ ಅರ್ಧ ದಿನದ ತರಬೇತಿ ನಡೆಸಿದರೆ ಇದು ಆಗುವ ಕೆಲಸ. ದುರಸ್ತಿ ಅಂಗಡಿಯವರಿಂದಲೂ ಎರಡು ನಿಯಮಗಳನ್ನು ಕೇಳುವ ಹಕ್ಕು ಗ್ರಾಹಕರಿಗೆ ಇದೆ. ಫಾರ್ಮ್ಯಾಟ್ ಮಾಡುವ ಮೊದಲು ಯಾವ ಫೋಲ್ಡರ್, ಯಾವ ಲೆಕ್ಕ, ಯಾವ ಫಾಂಟ್ ಉಳಿಯಬೇಕೆಂದು ಚೀಟಿಯಲ್ಲಿ ಬರೆಸಿಕೊಳ್ಳಬೇಕು. ಎಸ್‌ಎಸ್‌ಡಿ ಹಾಕಿದಾಗ ಬಿಚ್ಚಿದ ಹಳೆಯ ಡಿಸ್ಕನ್ನು ಗ್ರಾಹಕರ ಕೈಗೇ ಕೊಡಬೇಕು.